ಹದಿಹರೆಯದವರ ಅತಿಮಾನುಷ ಪ್ರೇಮಕಾದಂಬರಿ: ಆರಿಸುವುದು, ಓದುವುದು, ಕೈಬಿಡುವುದು

ಮೂರು ಪ್ರಶ್ನೆಗಳು ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತವೆ. ರಕ್ತಪಿಶಾಚಿ, ತೋಳಮನುಷ್ಯ, ಮಾಯಾಲೋಕದ ರಾಜಕುಮಾರರ ಪ್ರೇಮಕಥೆಗಳನ್ನು ಓದಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ? ಹದಿನಾಲ್ಕರ ಮಗಳು ಇಂಥದ್ದೊಂದು ಪುಸ್ತಕ ಕೇಳುತ್ತಿದ್ದಾಳೆ, ಕೊಡಬಹುದೇ? ಎರಡನೆಯ ಸಂಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಮುಂದುವರಿಸಲೇ, ಬಿಡಲೇ? ಮೂರಕ್ಕೂ ಒಂದೇ ಕಡೆ ಉತ್ತರ ಬರೆದಿಡುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಪ್ರಕಾರ ನನಗೆ ತುಂಬ ಇಷ್ಟ. ಇವೆಲ್ಲ ಹುಡುಗಿಯರು ಹೊತ್ತು ಕಳೆಯಲು ಓದುವ ಹಗುರ ಪುಸ್ತಕಗಳು ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಹದಿನಾರರ ಹರೆಯದಲ್ಲಿ ಮೈ ನಮ್ಮ ಮಾತು ಕೇಳುವುದಿಲ್ಲ, ಮೊದಲ ಪ್ರೀತಿಯ ಮುಂದೆ ಉಳಿದ ಲೋಕ ಕಾಣುವುದಿಲ್ಲ, ಸಾವು ತನಗೂ ಬರುತ್ತದೆ ಎಂಬುದು ಆಗಷ್ಟೇ ಅರ್ಥವಾಗುತ್ತಿರುತ್ತದೆ. ತನ್ನ ಇಚ್ಛೆಯಿಲ್ಲದೆ ತೋಳವಾಗುವ ಹುಡುಗನ ಕಥೆ, ಸಾಯದವನನ್ನು ಪ್ರೀತಿಸುವ ಹುಡುಗಿಯ ಕಥೆ ಇವನ್ನೆಲ್ಲ ನೇರವಾಗಿ ಮುಟ್ಟುತ್ತದೆ. ಆದರೆ ಎಲ್ಲ ಪುಸ್ತಕಗಳೂ ಈ ಕೆಲಸ ಮಾಡುವುದಿಲ್ಲ. ಬೇರ್ಪಡಿಸಲು ನಾನು ಬಳಸುವ ಅಳತೆಗೋಲು ಒಂದೇ: ಕಥೆಯಲ್ಲಿನ ಮಾಯೆ ಪ್ರೇಮಿಗಳಿಂದ ಏನಾದರೂ ಬೆಲೆ ಕೇಳುತ್ತದೆಯೇ? ಕೇಳಿದರೆ ಆ ಪುಸ್ತಕ ಮನಸ್ಸಿನಲ್ಲಿ ಉಳಿಯುತ್ತದೆ. ಮಾಯೆ ಬರೀ ಒಡವೆಯಾಗಿದ್ದರೆ ಓದಿದ ವಾರಕ್ಕೇ ಮರೆತುಹೋಗುತ್ತದೆ.

ಶುರುಮಾಡುವ ಮುನ್ನ ನಿಮಗೆ ಬೇಕಾದದ್ದು ಸ್ವಲ್ಪವೇ: ಪುಸ್ತಕದ ಪೂರ್ಣ ಹೆಸರು, ಅದು ಸರಣಿಯಲ್ಲಿ ಎಷ್ಟನೆಯದು ಎಂಬ ಮಾಹಿತಿ, ಪ್ರಕಾಶಕರು ಅದನ್ನು ಯಾವ ವಯಸ್ಸಿನವರಿಗೆಂದು ಪ್ರಕಟಿಸಿದ್ದಾರೆ ಎಂಬ ವಿವರ, ಮತ್ತು ಮೊದಲ ಐವತ್ತು ಪುಟಗಳನ್ನು ಒಂದೇ ಪಟ್ಟಿನಲ್ಲಿ ಓದುವಷ್ಟು ಬಿಡುವು.

ಹಂತ 1: ನಿಮಗೆ ಬೇಕಾದ ಬಗೆ ಯಾವುದೆಂದು ತಿಳಿದುಕೊಳ್ಳಿ

ಯಂಗ್ ಅಡಲ್ಟ್ ಎಂದರೆ ಸುಮಾರು 12ರಿಂದ 18 ವಯಸ್ಸಿನ ಓದುಗರಿಗಾಗಿ ಬರೆದ ಸಾಹಿತ್ಯ. ಇದರ ನಾಯಕ-ನಾಯಕಿಯರೂ ಹೆಚ್ಚಾಗಿ ಹದಿನಾರು-ಹದಿನೇಳರವರು. ಇದರೊಳಗೆ ನಮಗೆ ಸಂಬಂಧಿಸಿದ ಕವಲುಗಳು ಎರಡು. ಪ್ಯಾರಾನಾರ್ಮಲ್ ರೊಮ್ಯಾನ್ಸ್‌ನಲ್ಲಿ ಲೋಕ ನಮ್ಮದೇ: ಶಾಲೆ, ಕಾರು, ಮಳೆ, ಮನೆಪಾಠ. ಅದರೊಳಕ್ಕೆ ಒಂದು ಅತಿಮಾನುಷ ಜೀವಿ ನುಸುಳುತ್ತದೆ. ಫ್ಯಾಂಟಸಿ ರೊಮ್ಯಾನ್ಸ್‌ನಲ್ಲಿ ಲೋಕವೇ ಬೇರೆ: ತನ್ನದೇ ರಾಜ್ಯಗಳು, ಯುದ್ಧಗಳು, ಮಾಯೆಯ ಕಾನೂನುಗಳು. ಮೊದಲನೆಯದಕ್ಕೆ ಭೂಪಟ ಬೇಕಿಲ್ಲ, ಎರಡನೆಯದಕ್ಕೆ ತಾಳ್ಮೆ ಬೇಕು. ಹೊಸಬರು ಮೊದಲನೆಯದರಿಂದ ಶುರು ಮಾಡುವುದು ಸುಲಭ.

ಸಾಹಿತ್ಯದಲ್ಲಿ ರಕ್ತಪಿಶಾಚಿ ಬಹಳ ಕಾಲ ಭಯದ ಪಾತ್ರವೇ ಆಗಿತ್ತು. 1819ರಲ್ಲಿ ಪೋಲಿಡೋರಿ ಬರೆದ ಕಥೆಯಿಂದ 1897ರ ‘ಡ್ರ್ಯಾಕುಲಾ’ದವರೆಗೆ ಅವನ ಸೆಳೆತವಿದ್ದಲ್ಲೆಲ್ಲ ಸಾವೂ ಇತ್ತು. ಅವನು ಹದಿಹರೆಯದವರ ಪ್ರೇಮಿಯಾದದ್ದು ಈಚೆಗೆ. ಆ್ಯನೆಟ್ ಕರ್ಟಿಸ್ ಕ್ಲಾಸ್ 1990ರಲ್ಲಿ, ಎಲ್. ಜೆ. ಸ್ಮಿತ್ 1991ರಲ್ಲಿ ಆ ದಾರಿ ತೆರೆದಿದ್ದರು. 2005ರಲ್ಲಿ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಬಂದ ಮೇಲೆ ಅದು ಹೆದ್ದಾರಿಯಾಯಿತು. ಕೆಲವೇ ವರ್ಷಗಳಲ್ಲಿ ತೋಳಗಳು, ಸ್ವರ್ಗದಿಂದ ಬಿದ್ದ ದೇವದೂತರು, ಪ್ರೇತಗಳು ಸಾಲುಗಟ್ಟಿ ಬಂದವು. ಈಚಿನ ವರ್ಷಗಳಲ್ಲಿ ಮೇಲುಗೈ ಪಡೆದಿರುವವರು ಫೇ, ಅಂದರೆ ಯುರೋಪಿನ ಜನಪದದಲ್ಲಿ ಬರುವ, ನೋಡಲು ಮನುಷ್ಯರಂತೆಯೇ ಇದ್ದೂ ಮನುಷ್ಯರಲ್ಲದ, ಚೆಲುವಿನಷ್ಟೇ ಕ್ರೌರ್ಯವೂ ಇರುವ ಮಾಯಾಜನ.

ಎಚ್ಚರಿಕೆ: ಪ್ರೇಮಕಾದಂಬರಿಗೂ ಪ್ರೇಮವಿರುವ ಕಾದಂಬರಿಗೂ ವ್ಯತ್ಯಾಸವಿದೆ. ರೊಮ್ಯಾನ್ಸ್ ಎಂದು ಕರೆಸಿಕೊಳ್ಳುವ ಕೃತಿಯಲ್ಲಿ ಪ್ರೀತಿಯೇ ಕಥೆಯ ಬೆನ್ನೆಲುಬು, ಕೊನೆ ಸುಖಾಂತ್ಯ ಅಥವಾ ಭರವಸೆಯದು. ಹದಿಹರೆಯದ ಫ್ಯಾಂಟಸಿಗಳು ಈ ಭರವಸೆ ಕೊಡುವುದಿಲ್ಲ. ಕೊನೆಯ ಸಂಪುಟದಲ್ಲಿ ಪ್ರಿಯ ಪಾತ್ರ ಸತ್ತು ಓದುಗರು ದಂಗಾಗುವುದು ಈ ಎರಡನ್ನು ಕಲಸಿಕೊಂಡಾಗ.

ಹಂತ 2: ವಯಸ್ಸಿನ ಹಣೆಪಟ್ಟಿಯನ್ನು ನೀವೇ ಪರೀಕ್ಷಿಸಿ

ಇದು ಪೋಷಕರಿಗೂ ಶಿಕ್ಷಕರಿಗೂ ಅತ್ಯಂತ ಮುಖ್ಯವಾದ ಹಂತ. ಯಾಕೆಂದರೆ ಗೊಂದಲವನ್ನು ಪ್ರಕಾಶನೋದ್ಯಮವೇ ಹುಟ್ಟುಹಾಕಿದೆ. ‘ನ್ಯೂ ಅಡಲ್ಟ್’ ಎಂಬ ಇನ್ನೊಂದು ಹಣೆಪಟ್ಟಿ 2009ರಲ್ಲಿ ಅಮೆರಿಕದ ಸೇಂಟ್ ಮಾರ್ಟಿನ್ಸ್ ಪ್ರೆಸ್ ಮೂಲಕ ಬಳಕೆಗೆ ಬಂತು. ಹದಿನೆಂಟು ದಾಟಿದವರ ಕಥೆ, ದೇಹಸಂಬಂಧದ ಚಿತ್ರಣ ಬಿಚ್ಚುಬಿಚ್ಚಾಗಿ ಇರಬಹುದು. ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ 2015ರಲ್ಲಿ ಹದಿಹರೆಯದವರ ಪುಸ್ತಕವಾಗಿ ಮಾರುಕಟ್ಟೆಗೆ ಬಂದು, 2020ರಲ್ಲಿ ಹೊಸ ಮುಖಪುಟದೊಂದಿಗೆ ವಯಸ್ಕರ ವಿಭಾಗಕ್ಕೆ ಸೇರಿತು. ಒಳಗಿನ ಕಥೆ ಅದೇ. ಹಳೆಯ ಪ್ರತಿಗಳು ಇನ್ನೂ ಮಕ್ಕಳ ಕಪಾಟಿನಲ್ಲಿರಬಹುದು. ಈಗ ಎಲ್ಲರ ಬಾಯಲ್ಲಿರುವ ‘ರೊಮ್ಯಾಂಟಸಿ’ (ರೊಮ್ಯಾನ್ಸ್ ಮತ್ತು ಫ್ಯಾಂಟಸಿ ಬೆರೆತದ್ದು) ಎಂಬ ಹೆಸರು ವಯಸ್ಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ. 2023ರ ‘ಫೋರ್ತ್ ವಿಂಗ್’ನಲ್ಲಿ ಡ್ರ್ಯಾಗನ್‌ಗಳೂ ತರಬೇತಿ ಶಾಲೆಯೂ ಇವೆ ನಿಜ, ಆದರೆ ಅದು ವಯಸ್ಕರ ಕಾದಂಬರಿ.

ಆದ್ದರಿಂದ ಹೀಗೆ ಮಾಡಿ. ಪ್ರಕಾಶಕರ ಪುಟದಲ್ಲಿ ವಯೋಮಿತಿ ನೋಡಿ. ನಾಯಕಿಯ ವಯಸ್ಸು ನೋಡಿ. ಓದುಗರು ‘ಸ್ಪೈಸ್’ ಎಂಬ ಮಾತು ಬಳಸಿದ್ದರೆ ಅದು ಶೃಂಗಾರ ದೃಶ್ಯಗಳ ತೀವ್ರತೆಯ ಅಳತೆ, ಮೆಣಸಿನಕಾಯಿ ಚಿತ್ರಗಳು ಹೆಚ್ಚಿದ್ದಷ್ಟೂ ಬಿಚ್ಚುಬರಹ ಹೆಚ್ಚು. ‘ಕ್ಲೋಸ್ಡ್ ಡೋರ್’ ಎಂದಿದ್ದರೆ ಆ ದೃಶ್ಯಗಳು ಪುಟದ ಮೇಲೆ ನಡೆಯುವುದಿಲ್ಲ. ಮುಖಪುಟದ ಮುದ್ದಾದ ಚಿತ್ರವನ್ನು ಮಾತ್ರ ನಂಬಬೇಡಿ. ಮುದ್ದು ಚಿತ್ರದ ಹಿಂದೆ ವಯಸ್ಕರ ಕಥೆಯೂ, ರಕ್ತದ ಕಲೆಯ ಹಿಂದೆ ಒಂದೇ ಒಂದು ಮುತ್ತಿನ ಕಥೆಯೂ ಇರಬಹುದು.

ಶೃಂಗಾರವೊಂದನ್ನೇ ಹುಡುಕಿ ಹಿಂಸೆಯನ್ನು ಮರೆಯಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಹದಿಹರೆಯದ ಫ್ಯಾಂಟಸಿಯಲ್ಲಿ ಮುತ್ತಿಗಿಂತ ಕತ್ತಿ ಹೆಚ್ಚು. ಸೂಕ್ಷ್ಮ ಮನಸ್ಸಿನ ಓದುಗರಿಗೆ ಅದೇ ಭಾರವಾಗಬಹುದು.

ಹಂತ 3: ಸರಣಿಯ ಉದ್ದ ಮತ್ತು ಕ್ರಮ

ಒಂದೇ ಪುಸ್ತಕದಲ್ಲಿ ಮುಗಿಯುವುದು ಸ್ಟ್ಯಾಂಡ್‌ಅಲೋನ್, ಎರಡರಲ್ಲಿ ಮುಗಿಯುವುದು ಡ್ಯುಯಾಲಜಿ, ಮೂರಾದರೆ ಟ್ರಯಾಲಜಿ. ಹೊಸಬರಿಗೆ ನನ್ನ ಸಲಹೆ ಒಂದು ಅಥವಾ ಎರಡು. ಏಳು ದಪ್ಪ ಕಾದಂಬರಿಗಳ ‘ಥ್ರೋನ್ ಆಫ್ ಗ್ಲಾಸ್’ಗೆ ಮೊದಲ ದಿನವೇ ಕೈ ಹಾಕಬೇಡಿ. ಮುಗಿಯದ ಸರಣಿಯನ್ನು ಹಿಡಿಯುವ ಮುನ್ನವೂ ಯೋಚಿಸಿ: ಮೊದಲ ಸಂಪುಟಗಳು ಹೆಚ್ಚಾಗಿ ಕ್ಲಿಫ್‌ಹ್ಯಾಂಗರ್‌ನಲ್ಲಿ, ಅಂದರೆ ಕುತೂಹಲದ ತುತ್ತತುದಿಯಲ್ಲಿ ಕಥೆಯನ್ನು ತುಂಡರಿಸಿ ನಿಲ್ಲುತ್ತವೆ.

ಓದುವ ಕ್ರಮದ ಬಗ್ಗೆ ಕೇಳಿದರೆ, ಕಥೆಯ ಕಾಲಕ್ರಮಕ್ಕಿಂತ ಪ್ರಕಟಣೆಯ ಕ್ರಮವೇ ಮೇಲು. ಕಸಾಂಡ್ರಾ ಕ್ಲೇರ್ ಅವರ 1878ರ ಲಂಡನ್ನಿನ ಕಥೆ ಅವರದೇ ಆಧುನಿಕ ನ್ಯೂಯಾರ್ಕಿನ ಕಥೆಗಿಂತ ಹಿಂದಿನ ಕಾಲದ್ದು, ಆದರೆ ಬರೆದದ್ದು ಆಮೇಲೆ. ಇಂಥ ಕಡೆ ಲೇಖಕರು ನೀವು ಹಿಂದಿನದನ್ನು ಓದಿದ್ದೀರೆಂದು ಭಾವಿಸಿ ಕೆಲವು ಗುಟ್ಟುಗಳನ್ನು ಬಿಟ್ಟುಕೊಡುತ್ತಾರೆ. ಲೀ ಬಾರ್ಡುಗೋ ಅವರ ‘ಸಿಕ್ಸ್ ಆಫ್ ಕ್ರೋಸ್’ ಮಾತ್ರ ನೇರವಾಗಿ ಓದಬಹುದಾದದ್ದು. ಅದೇ ಲೋಕದ ಮೊದಲ ಮೂರು ಪುಸ್ತಕಗಳ ಕೆಲವು ತಿರುವುಗಳು ಅದರಲ್ಲಿ ಬಯಲಾಗುತ್ತವೆ ಎಂಬುದನ್ನು ತಿಳಿದುಕೊಂಡು ಹೋಗಿ.

ಹಂತ 4: ಮೊದಲ ಐವತ್ತು ಪುಟಗಳ ಪರೀಕ್ಷೆ

ನಿಜವಾದ ಆಯ್ಕೆ ನಡೆಯುವುದು ಇಲ್ಲಿ. ಐವತ್ತು ಪುಟ ಓದಿ ಪುಸ್ತಕ ಮುಚ್ಚಿ. ಕಥೆಯಿಂದ ಮಾಯೆಯನ್ನು ತೆಗೆದುಹಾಕಿ ನೋಡಿ. ಅವನ ಕೋರೆಹಲ್ಲು ಕಿತ್ತು, ರೆಕ್ಕೆ ಕತ್ತರಿಸಿ, ಅವನನ್ನು ಪಕ್ಕದ ತರಗತಿಯ ಶ್ರೀಮಂತ, ಮೌನಿ ಹುಡುಗನನ್ನಾಗಿ ಮಾಡಿದರೂ ಕಥೆ ಹಾಗೆಯೇ ನಡೆಯುತ್ತದೆಯೇ? ನಡೆದರೆ ಅಲ್ಲಿ ಮಾಯೆಗೆ ಕೆಲಸವಿಲ್ಲ ಎಂದು ಅರ್ಥ.

ಈ ಪರೀಕ್ಷೆಯಲ್ಲಿ ಗೆಲ್ಲುವ ಪುಸ್ತಕಗಳು ಹೇಗಿರುತ್ತವೆ ನೋಡಿ. ಮ್ಯಾಗಿ ಸ್ಟೀಫ್ವಾಟರ್ ಅವರ ‘ಶಿವರ್’ (2009) ಕಾದಂಬರಿಯಲ್ಲಿ ಸ್ಯಾಮ್ ಎಂಬ ಹುಡುಗ ತೋಳವಾಗುವುದು ಹುಣ್ಣಿಮೆಯಿಂದಲ್ಲ, ಚಳಿಯಿಂದ. ಬೇಸಿಗೆಯಲ್ಲಿ ಮನುಷ್ಯ, ಚಳಿಗಾಲದಲ್ಲಿ ತೋಳ. ವರ್ಷ ಕಳೆದಂತೆ ಮನುಷ್ಯನಾಗಿರುವ ಅವಧಿ ಕುಗ್ಗುತ್ತದೆ, ಕೊನೆಗೊಂದು ವರ್ಷ ಅವನು ಮರಳುವುದೇ ಇಲ್ಲ. ಪ್ರತಿ ಅಧ್ಯಾಯದ ನೆತ್ತಿಯ ಮೇಲೆ ಅಂದಿನ ತಾಪಮಾನ ಅಚ್ಚಾಗಿದೆ. ಆ ಅಂಕಿ ಇಳಿಯುತ್ತಿದ್ದಂತೆ ಓದುವವರ ಎದೆಯೂ ಕುಸಿಯುತ್ತದೆ. ಇಲ್ಲಿ ಮಾಯೆಯ ನಿಯಮ ಒಂದೇ ಸಾಲಿನದು, ಆದರೆ ಇಡೀ ಪ್ರೇಮ ಅದರ ಹಿಡಿತದಲ್ಲಿದೆ. ಇದಕ್ಕಿಂತ ಚೊಕ್ಕವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಹಾಲಿ ಬ್ಲ್ಯಾಕ್ ಅವರ ‘ದಿ ಕ್ರುಯೆಲ್ ಪ್ರಿನ್ಸ್’ (2018) ಇನ್ನೊಂದು ಬಗೆ. ಫೇ ಜನ ಸುಳ್ಳು ಹೇಳಲಾರರು, ಮನುಷ್ಯರು ಹೇಳಬಲ್ಲರು. ಅವರ ನಡುವೆ ಬೆಳೆದ ಜೂಡ್ ಎಂಬ ಮನುಷ್ಯ ಹುಡುಗಿಗೆ ಇರುವ ದೊಡ್ಡ ಆಯುಧ ಸುಳ್ಳು. ಸುಳ್ಳು ಹೇಳಲಾಗದವನು ಮತ್ತು ಸುಳ್ಳಿನಿಂದಲೇ ಬದುಕುವವಳು ಒಬ್ಬರನ್ನೊಬ್ಬರು ನಂಬುವುದು ಹೇಗೆ? ಪ್ರೇಮದ ಗಂಟು ಇರುವುದೇ ಇಲ್ಲಿ. ರಾಜಕುಮಾರ ಕಾರ್ಡನ್ ಅವಳನ್ನು ಹೀಯಾಳಿಸಿ ಪೀಡಿಸುವ ಆರಂಭದ ದೃಶ್ಯಗಳು ಕಹಿಯಾಗಿವೆ, ಅದನ್ನು ತಿಳಿದೇ ಹೋಗಿ. ಆದರೂ ಜೂಡ್‌ಗೆ ಅವನಿಗಿಂತ ಮೊದಲು ಬೇಕಾಗಿರುವುದು ಅಧಿಕಾರ, ಅದನ್ನು ಪುಸ್ತಕ ಮುಚ್ಚಿಡುವುದಿಲ್ಲ. ಆ ಪ್ರಾಮಾಣಿಕತೆಗಾಗಿ ನಾನು ಇದನ್ನು ಮೆಚ್ಚುತ್ತೇನೆ.

ಲೈನಿ ಟೇಲರ್ ಅವರ ‘ಡಾಟರ್ ಆಫ್ ಸ್ಮೋಕ್ ಅಂಡ್ ಬೋನ್’ನಲ್ಲಿ (2011) ಬೆಲೆ ಅಕ್ಷರಶಃ ಬೆಲೆಯೇ. ಪ್ರಾಗ್ ನಗರದಲ್ಲಿ ಚಿತ್ರಕಲೆ ಕಲಿಯುವ ಕರೂ, ತನ್ನನ್ನು ಸಾಕಿದ ಮಾಯಾಜೀವಿಗಾಗಿ ಹಲ್ಲುಗಳನ್ನು ಸಂಗ್ರಹಿಸುತ್ತಾಳೆ. ಅಲ್ಲಿ ಮಾಯೆ ನಡೆಯಬೇಕಾದರೆ ಯಾರಾದರೂ ನೋವು ತಿನ್ನಲೇಬೇಕು. ಇದರಲ್ಲಿನ ಪ್ರೀತಿ ಮೊದಲ ನೋಟಕ್ಕೇ ಹುಟ್ಟಿದಂತೆ ಕಂಡು ಕೆಲವರು ಸಿಡಿಮಿಡಿಗೊಳ್ಳುತ್ತಾರೆ. ಕಾರಣ ತಡವಾಗಿ ಬರುತ್ತದೆ, ಕಾಯಿರಿ.

ಐವತ್ತು ಪುಟಗಳಲ್ಲಿ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ: ಪ್ರೇಮಿಯನ್ನು ಭೇಟಿಯಾಗುವ ಮುನ್ನ ನಾಯಕಿಗೆ ಏನು ಬೇಕಾಗಿತ್ತು? ಒಂದು ವಾಕ್ಯದಲ್ಲಿ ಉತ್ತರಿಸಲಾಗದಿದ್ದರೆ ಅವಳು ಕಥೆಯುದ್ದಕ್ಕೂ ಅವನ ಹಿಂದೆ ತೇಲುತ್ತಾಳೆ.

ಹಂತ 5: ಹಿಡಿತವನ್ನು ಪ್ರೀತಿ ಎಂದು ಒಪ್ಪಿಕೊಳ್ಳಬೇಡಿ

ಈ ಪ್ರಕಾರದ ದೊಡ್ಡ ಗುಂಡಿ ಇದು. ಅತಿಮಾನುಷ ಪ್ರೇಮಿ ಬಲಶಾಲಿ, ಬಹುಕಾಲ ಬದುಕಿದವನು, ಮನಸ್ಸು ಓದಬಲ್ಲವನು. ಅವನೆದುರು ಹದಿನೇಳರ ಹುಡುಗಿ. ಈ ಅಸಮಾನತೆಯನ್ನು ಲೇಖಕರು ಸಮಸ್ಯೆಯಾಗಿ ನೋಡುತ್ತಾರೋ, ಸವಿಯಾಗಿ ಬಡಿಸುತ್ತಾರೋ ಎಂಬುದನ್ನು ಗಮನಿಸಿ.

‘ಟ್ವೈಲೈಟ್’ ಬಗ್ಗೆ ನನ್ನ ಅಭಿಪ್ರಾಯವನ್ನು ಎಲ್ಲರೂ ಕೇಳುವುದರಿಂದ ಇಲ್ಲೇ ಹೇಳುತ್ತೇನೆ. ಆ ಪುಸ್ತಕಕ್ಕೆ ನಾನು ಗೌರವ ಕೊಡುತ್ತೇನೆ. ಮೊದಲ ಪ್ರೀತಿಯ ಉಸಿರುಗಟ್ಟುವಿಕೆಯನ್ನು ಅಷ್ಟು ನೇರವಾಗಿ ಹಿಡಿದವರು ಕಡಿಮೆ. ಎರಡನೆಯ ಸಂಪುಟ ‘ನ್ಯೂ ಮೂನ್’ನಲ್ಲಿ ರಕ್ತಪಿಶಾಚಿ ಪ್ರೇಮಿ ಎಡ್ವರ್ಡ್ ನಾಯಕಿಯನ್ನು ಬಿಟ್ಟುಹೋದ ಮೇಲೆ ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂದು ತಿಂಗಳ ಹೆಸರಷ್ಟೇ ಇರುವ ಖಾಲಿ ಹಾಳೆಗಳು ಬರುತ್ತವೆ. ದುಃಖದಲ್ಲಿ ದಿನಗಳೇ ಕಾಣೆಯಾಗುವುದನ್ನು ಹೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ. ಆದರೆ 1901ರಲ್ಲಿ ಹುಟ್ಟಿದ ಎಡ್ವರ್ಡ್, ಹುಡುಗಿಗೆ ತಿಳಿಯದಂತೆ ಅವಳ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಾನೆ. ಮೂರನೆಯ ಸಂಪುಟದಲ್ಲಿ ಅವಳು ಗೆಳೆಯನನ್ನು ನೋಡಲು ಹೋಗದಂತೆ ಅವಳ ವಾಹನದ ಎಂಜಿನ್ನನ್ನೇ ಕೆಡಿಸುತ್ತಾನೆ. ಪುಸ್ತಕ ಇದನ್ನು ಕಾಳಜಿಯೆಂದು ಓದಿಸುತ್ತದೆ. ನಾನು ಹಾಗೆ ಓದಲಾರೆ. ಈ ಎರಡೂ ಅಭಿಪ್ರಾಯಗಳು ಒಟ್ಟಿಗೇ ಇರಬಹುದು, ಒಂದಕ್ಕಾಗಿ ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ಓದುವಾಗ ಈ ಗುರುತುಗಳನ್ನು ಪೆನ್ಸಿಲ್ಲಿನಿಂದ ಹಾಕಿಕೊಳ್ಳಿ: ಅವಳು ಬೇಡ ಎಂದಾಗ ಏನಾಗುತ್ತದೆ? ಅವಳ ಗೆಳತಿಯರು ಎಷ್ಟನೆಯ ಅಧ್ಯಾಯಕ್ಕೆ ಕಾಣೆಯಾಗುತ್ತಾರೆ? ಅವಳ ಬಗ್ಗೆ ತೀರ್ಮಾನವನ್ನು ಅವಳಿಗೆ ಹೇಳದೆ ಯಾರು ತೆಗೆದುಕೊಳ್ಳುತ್ತಾರೆ? ‘ಫೇಟೆಡ್ ಮೇಟ್ಸ್’, ಅಂದರೆ ವಿಧಿಯೇ ಗಂಟುಹಾಕಿದ ಜೋಡಿ ಎಂಬ ಏರ್ಪಾಡು ಇರುವ ಕಥೆಗಳಲ್ಲಿ ಇನ್ನೂ ಎಚ್ಚರ ಬೇಕು. ವಿಧಿ ನಿರ್ಧರಿಸಿದ ಮೇಲೆ ಒಪ್ಪಿಗೆಗೆ ಜಾಗವೆಲ್ಲಿ? ಒಳ್ಳೆಯ ಲೇಖಕಿ ಈ ಪ್ರಶ್ನೆಯನ್ನು ತಾನೇ ಎತ್ತುತ್ತಾಳೆ.

ಶಾಪದ ನೆಪವನ್ನೂ ಪರೀಕ್ಷಿಸಿ. ರೆನೆ ಅಹ್ದಿಯೆ ಅವರ ‘ದಿ ರ‍್ಯಾತ್ ಅಂಡ್ ದಿ ಡಾನ್’ (2015) ಅರೇಬಿಯನ್ ನೈಟ್ಸ್ ಕಥೆಯ ಮರುಕಥನ. ಪ್ರತಿ ಮುಂಜಾನೆ ಮದುವಣಗಿತ್ತಿಯನ್ನು ಕೊಲ್ಲಿಸುವ ದೊರೆಯನ್ನು, ಗೆಳತಿಯ ಸಾವಿನ ಸೇಡಿಗಾಗಿ ಶಹರ್‌ಜಾದ್ ತಾನಾಗಿ ಮದುವೆಯಾಗುತ್ತಾಳೆ. ಗದ್ಯ ಸೊಗಸಾಗಿದೆ, ಮೊದಲರ್ಧದ ಬಿಗಿಯಂತೂ ಅಪರೂಪದ್ದು. ಆದರೆ ಕೊಲೆಗಳ ಹಿಂದೆ ಶಾಪವಿದೆ ಎಂದು ತಿಳಿದಾಗ ಕ್ಷಮೆ ಬಹಳ ಬೇಗ ದೊರೆಯುತ್ತದೆ. ಸತ್ತ ಹುಡುಗಿಯರಿಗೆ ಇನ್ನಷ್ಟು ಪುಟಗಳು ಸಲ್ಲಬೇಕಾಗಿತ್ತು ಎಂಬುದು ನನ್ನ ದೂರು.

ಹಂತ 6: ಟ್ರೋಪ್‌ಗಳನ್ನು ಬಳಸಿ ಹುಡುಕಿ

ಟ್ರೋಪ್ ಎಂದರೆ ಮತ್ತೆ ಮತ್ತೆ ಬಳಕೆಯಾಗುವ ಕಥಾಸೂತ್ರ. ವೈರಿಗಳು ಪ್ರೇಮಿಗಳಾಗುವುದು ಎನಿಮೀಸ್ ಟು ಲವರ್ಸ್, ಇಬ್ಬರ ನಡುವೆ ಮೂರನೆಯವರು ಬರುವುದು ಲವ್ ಟ್ರಯಾಂಗಲ್, ಕಂಡ ಕೂಡಲೇ ಪ್ರೀತಿ ಹುಟ್ಟುವುದು ಇನ್‌ಸ್ಟಾ ಲವ್, ಪ್ರೀತಿ ನಿಧಾನವಾಗಿ ಬೆಳೆಯುವುದು ಸ್ಲೋ ಬರ್ನ್. ಇವುಗಳಲ್ಲಿ ನನ್ನ ಮನಸ್ಸು ಯಾವಾಗಲೂ ಕೊನೆಯದರ ಕಡೆಗೆ. ‘ಸಿಕ್ಸ್ ಆಫ್ ಕ್ರೋಸ್’ನ ಕಾಜ್‌ಗೆ ಇನ್ನೊಬ್ಬರ ಮೈ ತಾಗಿದರೆ ಸಹಿಸಲಾಗದು, ಸದಾ ಕೈಗವಸು. ಅವನೂ ಇನೆಜ್ ಎಂಬ ಹುಡುಗಿಯೂ ಪ್ರೀತಿಸುವ ಕಥೆಯಲ್ಲಿ ಒಂದು ಕೈಗವಸು ಕಳಚುವುದೇ ದೊಡ್ಡ ಘಟನೆ. ಸ್ಪರ್ಶವನ್ನು ಅಷ್ಟು ತಡೆದಿಟ್ಟದ್ದರಿಂದಲೇ ಅದಕ್ಕೆ ಅಷ್ಟು ತೂಕ.

ಟ್ರೋಪ್‌ನ ಹೆಸರು ಪುಸ್ತಕ ಹುಡುಕಲು ಉಪಯೋಗ, ಅಳೆಯಲು ಅಲ್ಲ. ಅಷ್ಟು ಸಾಕು.

ಹಂತ 7: ಎರಡನೆಯ ಸಂಪುಟದ ಆಯಾಸ

ಸರಣಿಗಳ ಎರಡನೆಯ ಪುಸ್ತಕ ಬಹುತೇಕ ದುರ್ಬಲ. ಪ್ರೇಮಿಗಳು ಒಂದಾದ ಮೇಲೆ ಕಥೆಗೆ ಎಳೆತವಿರುವುದಿಲ್ಲ, ಆದ್ದರಿಂದ ಲೇಖಕರು ಅವರನ್ನು ಬೇರ್ಪಡಿಸುತ್ತಾರೆ. ಬೇರ್ಪಟ್ಟ ಕಾರಣ ಪಾತ್ರಗಳ ಸ್ವಭಾವದಿಂದ ಬಂದಿದ್ದರೆ ಮುಂದುವರಿಸಿ. ಒಂದು ಮಾತು ಬಿಡಿಸಿ ಹೇಳಿದ್ದರೆ ಮುಗಿಯುತ್ತಿದ್ದ ತಪ್ಪುತಿಳಿವಳಿಕೆಯಾಗಿದ್ದರೆ, ನೂರು ಪುಟ ಕಾದು ಬಿಟ್ಟುಬಿಡಿ. ಓದುಗರು ಇದನ್ನು ಡಿಎನ್ಎಫ್ ಎನ್ನುತ್ತಾರೆ, ಅಂದರೆ ಓದಿ ಮುಗಿಸಲಿಲ್ಲ ಎಂಬ ಗುರುತು. ಅದರಲ್ಲಿ ಯಾವ ಅಪರಾಧವೂ ಇಲ್ಲ. ಬಿಟ್ಟ ಪುಟದ ಸಂಖ್ಯೆ ಮತ್ತು ಕಾರಣವನ್ನು ಬರೆದಿಟ್ಟುಕೊಳ್ಳಿ. ಒಂದೆರಡು ವರ್ಷಗಳಲ್ಲಿ ನಿಮ್ಮ ರುಚಿಯ ನಕ್ಷೆ ನಿಮಗೇ ಸಿಗುತ್ತದೆ.

ಇಂಗ್ಲಿಷ್ ಓದು ಹೊಸದಾಗಿರುವವರಿಗೆ ಒಂದು ಮಾತು: ಕಲ್ಪಿತ ಹೆಸರುಗಳ ಉಚ್ಚಾರಣೆಗೆ ತಲೆ ಕೆಡಿಸಿಕೊಳ್ಳಬೇಡಿ, ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ಮೂರು ಬಾರಿ ಎದುರಾದ ಪದಕ್ಕೆ ಮಾತ್ರ ಅರ್ಥ ನೋಡಿ.

ಹಂತ 8: ಮೊದಲ ಪುಸ್ತಕ

ಹನ್ನೊಂದು-ಹನ್ನೆರಡರ ಓದುಗರಿಗೆ ಡಯಾನಾ ವಿನ್ ಜೋನ್ಸ್ ಅವರ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ (1986). ಶಾಪದಿಂದ ಮುದುಕಿಯಾದ ಸೋಫಿ, ಮುದುಕಿಯಾದದ್ದರಿಂದಲೇ ಧೈರ್ಯವಂತೆಯಾಗುತ್ತಾಳೆ. ಪ್ರೀತಿ ಇದೆ, ಜಗಳದ ವೇಷದಲ್ಲಿ.

ಪ್ರೇತಕಥೆ ಬೇಕೆನ್ನುವವರಿಗೆ ಏಡನ್ ಥಾಮಸ್ ಅವರ ‘ಸೆಮೆಟರಿ ಬಾಯ್ಸ್’ (2020). ತಾನು ಹುಡುಗನೆಂದು ತನ್ನ ಸಮುದಾಯಕ್ಕೆ ತೋರಿಸಿಕೊಡಲು ಯಾಡ್ರಿಯೆಲ್ ಎಂಬ ಟ್ರಾನ್ಸ್ ಹುಡುಗ ಪ್ರೇತವೊಂದನ್ನು ಕರೆಯುತ್ತಾನೆ, ಬಂದ ಪ್ರೇತ ಹೋಗಲು ಒಪ್ಪುವುದಿಲ್ಲ. ಪ್ರೀತಿಸಿದವನನ್ನು ಕಳುಹಿಸಿಕೊಡುವುದೇ ಕೆಲಸವಾಗಿರುವಾಗ ಮಾಯೆ ಕೇಳುವ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಹದಿನಾಲ್ಕು ದಾಟಿದವರಿಗೆ ‘ಶಿವರ್’. ರಾಜಕೀಯ, ಒಳಸಂಚು ಇಷ್ಟವಾದರೆ ‘ದಿ ಕ್ರುಯೆಲ್ ಪ್ರಿನ್ಸ್’. ಪ್ರೀತಿಯ ಮಾತುಗಳ ಅಬ್ಬರ ಬೇಡ ಎನ್ನುವ ಯಾವ ವಯಸ್ಸಿನವರಿಗೂ ಸ್ಟೀಫ್ವಾಟರ್ ಅವರದೇ ‘ದಿ ಸ್ಕಾರ್ಪಿಯೋ ರೇಸಸ್’ (2011): ಒಂದೇ ಸಂಪುಟ, ಸಮುದ್ರದಿಂದ ಎದ್ದು ಬರುವ ಮಾಂಸಾಹಾರಿ ಕುದುರೆಗಳು, ನವೆಂಬರಿನ ಪಂದ್ಯ, ಅದರಲ್ಲಿ ಓಡಲು ನಿಂತ ಮೊದಲ ಹುಡುಗಿ. ಅವಳಿಗೂ ಗೆಲುವು ಬೇಕು, ಅವಳು ಮೆಚ್ಚುವ ಹುಡುಗನಿಗೂ ಬೇಕು, ಗೆಲ್ಲುವವರು ಒಬ್ಬರೇ. ಇದರ ಮೊದಲರ್ಧ ನಿಧಾನ, ಓಟ ಬರುವುದು ಕಟ್ಟಕಡೆಗೆ. ಐವತ್ತು ಪುಟಗಳ ಪರೀಕ್ಷೆಯನ್ನು ಇದಕ್ಕೆ ಮಾತ್ರ ನೂರಕ್ಕೆ ಏರಿಸಿಕೊಳ್ಳಿ.